ಕ್ಷಯವಲ್ಲದ ಕೆಮ್ಮು

ಬೆಂಗಳೂರಿನ ಪಶ್ಚಿಮಕ್ಕಿರುವ ಮಲ್ಲತ್ತಹಳ್ಳಿಯು ಒಂದು ಕಾಲಕ್ಕೆ ಊರಿನ ಹೊರಗೆ ತನ್ನ ಕೆರೆಯನ್ನು ನೆಮ್ಮಿಕೊಂಡಿದ್ದ ಗ್ರಾಮ. ಈಗ ಅದು ನಗರದೊಳಗಿನ ಬಡಾವಣೆ. ವಿಶ್ವವಿದ್ಯಾನಿಲಯದ ಜ್ಞಾನಭಾರತಿಯು ನೆರೆಯಲ್ಲಿರುವುದರಿಂದ ವಿದ್ಯಾರ್ಥಿಗಳೂ, ಉದ್ಯೋಗವನ್ನರಸುವವರೂ ನಾಡಿನ ನಾನಾ ಭಾಗಗಳಿಂದ ಇತ್ತ ಬಂದು ನೆಲಸುತ್ತಾರೆ. ಇಂತಹ ಬಡಾವಣೆಗಳಲ್ಲಿ, ವಾರಗಟ್ಟಲೆ ಕೆಮ್ಮಿ ರಕ್ತಪರೀಕ್ಷೆ ಮಾಡಿಸಿಕೊಂಡವರು ತಮಗೆ ‘ಇಸ್ನೋಫೀಲಿಯಾ’ ಬಂದಿದೆಯೆಂದು ಹೇಳುವುದನ್ನು ನಾವು ಕೇಳುತ್ತೇವೆ. ಇದೇ ಒಂದು ರೋಗವೋ, ಅಥವಾ ಬೇರೊಂದು ರೋಗದ ಸೂಚನೆಯೋ ಎಂಬುದನ್ನು ವಿಚಾರ ಮಾಡೋಣ.

ನಮ್ಮ ರಕ್ತದಲ್ಲಿ ಕೆಂಪು ಕಣಗಳಲ್ಲದೆ ದೇಹರಕ್ಷಣೆಗಾಗಿ ಹಲವು ಬಗೆಯ ಬಿಳಿಯ ಕಣಗಳೂ ಇವೆ. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಎಂಬ ವಿಜ್ಞಾನಿಯು ರಕ್ತದ ಕಣಗಳಿಗೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇಯೋಸಿನ್ ಎಂಬ ಕೆಂಬಣ್ಣವನ್ನು ವಿಶೇಷವಾಗಿ ಹೀರಿಕೊಳ್ಳುವ ಒಂದು ಜಾತಿಯ ಬಿಳಿಯ ಕಣವನ್ನು ಗುರುತಿಸಿದನು. ಅದೇ ಇಯೋಸಿನೋಫಿಲ್. ಆರೋಗ್ಯವಂತರ ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವು ಸಾಮಾನ್ಯವಾಗಿ 500ಕ್ಕಿಂತ ಕಡಮೆ. ಕ್ರಿಮಿಗಳು ದೇಹವನ್ನು ಹೊಕ್ಕಾಗ, ಉಬ್ಬಸ ಮೊದಲಾದ ಅಲರ್ಜಿಯ ವ್ಯಾಧಿಗಳಲ್ಲಿ, ಯಾವುದಾದರೂ ಔಷಧವು ಮೈಗೆ ಒಗ್ಗದಿದ್ದಾಗ ಇವು ಹೆಚ್ಚುತ್ತವೆ. ಇವುಗಳೊಳಗಿನ ವಿಷಪದಾರ್ಥವು ಕ್ರಿಮಿಗಳನ್ನು ಕೊಲ್ಲಲು ಸಹಾಯಕ. ಆದರೆ ಕಣಗಳು ಮಿತಿಮೀರಿ ಶ್ವಾಸಕೋಶದಲ್ಲಾಗಲಿ ಹೃದಯದಲ್ಲಾಗಲಿ ನೆರೆದರೆ ಆ ವಿಷವು ನಮ್ಮ ಅಂಗಗಳನ್ನೇ ಕೆಡಿಸುತ್ತದೆ.

ಈ ಕಣಗಳ ಎಣಿಕೆಗೆ ಎಷ್ಟು ಬೆಲೆಯುಂಟೆಂಬುದು ಕೋಲಾರದ ಗಡಿಯಾಚೆ, ಆಂಧ್ರದೇಶದ ಮದನಪಲ್ಲಿಯಲ್ಲಿ ಸ್ಪಷ್ಟವಾಯಿತು. ಅಲ್ಲಿನ ಆರೋಗ್ಯವರಂ ಕ್ಷಯರೋಗ ಚಿಕಿತ್ಸಾಲಯದ ವೈದ್ಯರಾದ ಫ್ರಿಮೋಟ್ ಮೊಲರ್ ಮತ್ತು ಬಾರ್ಟನ್ ಅವರು, ಕ್ಷಯವನ್ನು ಹೋಲಿದರೂ ಕ್ಷಯವಲ್ಲದ ಒಂದು ವ್ಯಾಧಿಯನ್ನು 1940ರಲ್ಲಿ ವರ್ಣಿಸಿದರು. ಕೆಮ್ಮು, ಜ್ವರ, ಕೃಶತೆ, ಕ್ಷಕಿರಣದ ಚಿತ್ರದಲ್ಲಿ ಎದೆಯ ತುಂಬ ಮಚ್ಚೆಗಳು ಎಲ್ಲವೂ ಉಂಟು. ಕಫದಲ್ಲಿ ಕ್ಷಯದ ಜೀವಾಣು ಮಾತ್ರ ಇಲ್ಲ. ರಕ್ತದಲ್ಲಿಯೋ ಇಯೋಸಿನೋಫಿಲ್‌ಗಳು ವಿಪರೀತ. ಕ್ಷಯಕ್ಕೆ ತಕ್ಕ ಔಷಧವೇ ಇಲ್ಲದಿದ್ದ ಆ ಕಾಲದಲ್ಲಿ, ಆ ಹೆಸರು ಬಿದ್ದವರು ಮನೆಯನ್ನೂ ಉದ್ಯೋಗವನ್ನೂ ಬಿಟ್ಟು ತಿಂಗಳುಗಟ್ಟಲೆ ಚಿಕಿತ್ಸಾಲಯದಲ್ಲಿ ಮಲಗಬೇಕಾಗಿದ್ದಿತು. ಅಂತಹವರಿಗೆ ಒಂದು ತೊಟ್ಟು ರಕ್ತದ ಪರೀಕ್ಷೆಯು ಬಿಡುಗಡೆಯ ದಾರಿಯಾಯಿತು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯರು ಇದಕ್ಕೆ ‘ಉಷ್ಣವಲಯದ ಇಯೋಸಿನೋಫಿಲಿಯಾ’ ಎಂದು ಹೆಸರಿಟ್ಟು, ಪಾಷಾಣವು ಸೇರಿದ ಔಷಧದಿಂದ ಗುಣ ಕಾಣುವುದೆಂದು ತಿಳಿಸಿದರು.

ಕಾರಣವು ಮಾತ್ರ ಮರೆಯಾಗಿಯೇ ಉಳಿದಿತ್ತು. 1960ರಲ್ಲಿ ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೆಬ್, ಜಾಬ್ ಮತ್ತು ಗಾಲ್ಟ್ ಅವರು ಇಂತಹ ರೋಗಿಗಳ ಶ್ವಾಸಕೋಶ, ಯಕೃತ್ತು ಮತ್ತು ಹಾಲ್ರಸದ ಗ್ರಂಥಿಗಳಲ್ಲಿ ಫೈಲೇರಿಯಾದ ಮರಿಕ್ರಿಮಿಗಳನ್ನು ತೋರಿಸಿಕೊಟ್ಟರು. ಆನೆಕಾಲು ರೋಗಕ್ಕೆ ಮೂಲವಾದ ಕ್ರಿಮಿಯೇ ಇದು. ಸಾಮಾನ್ಯವಾಗಿ ಇದರ ಮರಿಗಳು ರಾತ್ರಿಯ ವೇಳೆ ರಕ್ತದಲ್ಲಿ ಸಂಚರಿಸುವುದುಂಟು; ಈ ವ್ಯಾಧಿಯಲ್ಲಿಯಾದರೋ ದೇಹವು ಅತಿಯಾಗಿ ಕೆರಳಿ ಅವುಗಳನ್ನು ಶ್ವಾಸಕೋಶ ಮೊದಲಾದ ಅಂಗಗಳಲ್ಲಿಯೇ ಹಿಡಿದು ನಾಶಮಾಡುವುದರಿಂದ ರಕ್ತದಲ್ಲಿ ಅವು ಕಾಣಸಿಗುವುದಿಲ್ಲ. ರಾತ್ರಿಯಲ್ಲಿ ಉಲ್ಬಣಿಸುವ ಒಣಕೆಮ್ಮು, ಏದುಸಿರು, 3000ವನ್ನು ಮೀರಿದ ಎಣಿಕೆ, ಇವು ಅದರ ಕುರುಹುಗಳು. ಡೈಇಥೈಲ್‌ಕಾರ್ಬಮಜೀನ್ ಎಂಬ ಔಷಧವನ್ನು ಸಾಮಾನ್ಯವಾಗಿ ಮೂರು ವಾರ ಸೇವಿಸಿದರೆ ಬಹುಮಂದಿಗೆ ಗುಣವಾಗುತ್ತದೆ. ಅಲಕ್ಷಿಸಿದರೆ ಶ್ವಾಸಕೋಶವು ಕ್ರಮೇಣ ಗಡುಸಾಗಿ ಉಸಿರಾಟಕ್ಕೆ ಶಾಶ್ವತವಾದ ಕುಂದುಂಟಾಗಬಹುದು. ಕಲಬುರಗಿ, ಬೀದರ, ಕರಾವಳಿ ಮೊದಲಾದ ಪ್ರದೇಶಗಳಲ್ಲಿ ಫೈಲೇರಿಯಾ ಬಹುಕಾಲದಿಂದ ಇದ್ದುದರಿಂದ, ಮಲ್ಲತ್ತಹಳ್ಳಿಯ ವೈದ್ಯನೂ ಕೆಮ್ಮಿನ ರೋಗಿಯನ್ನು “ತಮ್ಮ ಊರು ಯಾವುದು?” ಎಂದು ಕೇಳುವುದು ಅವಶ್ಯಕ.

ಹಾಗೆಂದು ಎಣಿಕೆ ಹೆಚ್ಚಿದ ಮಾತ್ರಕ್ಕೆ ಎಲ್ಲವನ್ನೂ ಫೈಲೇರಿಯಾವೆನ್ನಲಾಗದು. ಕರುಳಿನ ಕ್ರಿಮಿಗಳಿಂದಲೂ, ಹೂವಿನ ಪರಾಗ, ಧೂಳುಗಳಿಂದ ಬರುವ ಉಬ್ಬಸದಿಂದಲೂ ಹೆಚ್ಚಬಹುದು. ಅಪರೂಪವಾಗಿ ಅಸ್ಥಿಮಜ್ಜೆಯೇ ಕೆಟ್ಟು ಈ ಕಣಗಳನ್ನು ಅಳತೆಯಿಲ್ಲದೆ ಹುಟ್ಟಿಸುವುದುಂಟು. ಅಂತಹ ಕೆಲವರಲ್ಲಿ ಎರಡು ಜೀನುಗಳು ಬೆಸೆದುಕೊಂಡಿರುವುದೇ ಕಾರಣವೆಂದು 2003ರಲ್ಲಿ ಗೊತ್ತಾಗಿ, ಇಮಾಟಿನಿಬ್ ಎಂಬ ಮಾತ್ರೆಯು ಅವರ ಪ್ರಾಣಕ್ಕೆ ಆಧಾರವಾಗಿದೆ.

ಆದುದರಿಂದ ಎಣಿಕೆಯ ಚೀಟಿಯನ್ನು ತೋರಿಸಿ ಅಂಗಡಿಯಿಂದ ತಾವೇ ಮಾತ್ರೆ ಕೊಳ್ಳುವ ರೂಢಿಯು ಅಪಾಯಕರವಾದುದು. ಮುಖ್ಯವಾಗಿ ಸ್ಟೀರಾಯ್ಡ್ ಮಾತ್ರೆಗಳು ಎಣಿಕೆಯನ್ನು ಬೇಗನೆ ಇಳಿಸಿ ರೋಗವನ್ನು ಮರೆಮಾಡುತ್ತವೆ. ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಕ್ರಿಮಿಯು ಒಳಗಿದ್ದರೆ ಅದು ಮೈಯೆಲ್ಲ ಹಬ್ಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫವನ್ನು ಪರೀಕ್ಷೆ ಮಾಡಿಸತಕ್ಕದ್ದು. ಕ್ಷಯವೆಂದು ತೇಲಿದರೆ ಈಗ ಅದಕ್ಕೂ ಔಷಧವುಂಟು. ಅಲ್ಲವೆಂದು ತೇಲಿದರೆ, ರಕ್ತದ ಕಣಗಳು ಏಕೆ ಹೆಚ್ಚಿದುವೆಂದು ವೈದ್ಯರನ್ನು ಕೇಳಿ ತಿಳಿದು, ಮೂಲಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳುವುದೇ ಕ್ಷೇಮ.