ಓದಿದ ಊರಿಗೆ ಹೊರಟವರು

1978ರ ಚಳಿಗಾಲ. ಆಕ್ಸ್‌ಫರ್ಡ್‌ನ ಗ್ರಂಥಾಲಯದಲ್ಲಿ ಇಪ್ಪತ್ತೆರಡರ ಹರೆಯದ ವಿದ್ಯಾರ್ಥಿ ಅಮಿತಾವ್ ಘೋಷ್ ಮಧ್ಯಯುಗದ ಯೆಹೂದಿ ವರ್ತಕರ ಪತ್ರಗಳ ಸಂಕಲನವೊಂದನ್ನು ಓದುತ್ತಿದ್ದರು. ಅದರಲ್ಲಿ ಹನ್ನೆರಡನೇ ಶತಮಾನದಲ್ಲಿ ಏಡನ್‌ನಿಂದ ಮಂಗಳೂರಿಗೆ ಬರೆದ ಪತ್ರವೊಂದಿತ್ತು. ಇಲ್ಲಿ ನೆಲೆಸಿದ್ದ ವರ್ತಕ ಅಬ್ರಹಾಂ ಬೆನ್ ಯಿಜುವಿಗೆ ಬಂದ ಆ ಪತ್ರ ಸರಕಿನ ಲೆಕ್ಕ ಹೇಳುತ್ತಾ, ಅವನ ಆಳಿಗೂ ಒಂದು ಕುಶಲದ ಮಾತು ತಿಳಿಸಿತ್ತು. ಯಾರು ಆ ಆಳು?

ಆ ಪ್ರಶ್ನೆಯನ್ನು ಘೋಷ್ ಬಿಡಲಿಲ್ಲ. ಅರಬ್ಬಿ ಕಲಿತರು, ಈಜಿಪ್ಟಿನ ಹಳ್ಳಿಯಲ್ಲಿ ಬದುಕಿದರು, ಹೀಬ್ರೂ ಲಿಪಿಯಲ್ಲಿ ಬರೆದ ಹಳೆಯ ಅರಬ್ಬಿಯನ್ನು ಓದುವಷ್ಟು ಪಳಗಿದರು. 1990ರಲ್ಲಿ ಮಂಗಳೂರಿಗೇ ಬಂದರು. ಪತ್ರಗಳಲ್ಲಿ ಆಳಿನ ಹೆಸರಿಗೆ ಇದ್ದದ್ದು ಮೂರೇ ವ್ಯಂಜನ. ತುಳು ಜಾನಪದದ ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈ ಅವರೊಡನೆ ಕುಳಿತು ಮಾತಾಡಿದಾಗ ಅದು ‘ಬೊಮ್ಮ’ ಇರಬೇಕೆಂಬ ದಾರಿ ತೆರೆಯಿತು. ತುಳುನಾಡಿನ ಬೆರ್ಮೆರ್ ಎಂಬ ದೈವದ ಆರಾಧನೆಯ ಎಳೆಯೂ ಕೈಗೆ ಸಿಕ್ಕಿತು. 1992ರಲ್ಲಿ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಪ್ರಕಟವಾಯಿತು. ಗ್ರಂಥಾಲಯದ ಪುಟದಿಂದ ಮಂಗಳೂರಿನ ಬಂದರಿಗೆ ಬರಲು ಹಿಡಿದದ್ದು ಹನ್ನೆರಡು ವರ್ಷ.

ಬದುಕಿನಲ್ಲಿ ನೋಡಲೇಬೇಕಾದ ಜಾಗಗಳ ಪಟ್ಟಿ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಹೋದದ್ದಾಯಿತು, ಫೋಟೊ ತೆಗೆದದ್ದಾಯಿತು, ಟಿಕ್ ಬಿತ್ತು. ಆದರೆ ಪುಸ್ತಕದೊಳಗೆ ಹುಟ್ಟಿದ ಆಸೆಗೆ ಟಿಕ್ ಬೀಳಬೇಕಾದರೆ ಎರಡು ಕೆಲಸ ಆಗಬೇಕು: ಓದಿಯೂ ಇರಬೇಕು, ಹೋಗಿಯೂ ಬರಬೇಕು.

ಈ ಎರಡನ್ನೂ ಒಂದೇ ಉಸಿರಿನಲ್ಲಿ ಬದುಕಿದವರು ಮಂಗಳೂರಿನಲ್ಲೇ ಇದ್ದಾರೆ. ಜಿ.ಎನ್. ಅಶೋಕವರ್ಧನ 1975ರಲ್ಲಿ ಇಲ್ಲಿ ಅತ್ರಿ ಬುಕ್ ಸೆಂಟರ್ ತೆರೆದರು. ಮೂರೂವರೆ ದಶಕ ಕಾಲ ಕರಾವಳಿಯ ಓದುಗರು ಹುಡುಕಿಕೊಂಡು ಬರುತ್ತಿದ್ದ ಅಂಗಡಿ ಅದು. ಅದೇ ಅಂಗಡಿಯವರು ರಜೆ ಸಿಕ್ಕಿತೆಂದರೆ ‘ಆರೋಹಣ’ ತಂಡದ ಗೆಳೆಯರೊಂದಿಗೆ ಘಟ್ಟ ಹತ್ತುತ್ತಿದ್ದರು, ಬಂಡೆಗೆ ಹಗ್ಗ ಹಾಕುತ್ತಿದ್ದರು, ಬೈಕಿನಲ್ಲಿ ದೂರದ ದಾರಿ ಹಿಡಿಯುತ್ತಿದ್ದರು. ಕಂಡದ್ದನ್ನು ಕನ್ನಡದಲ್ಲಿ ಬರೆದರು. ಬಿಸಿಲೆಯ ಕಾಡಿನ ಅಂಚಿನಲ್ಲಿ ಗೆಳೆಯರೊಡನೆ ನೆಲ ಕೊಂಡು, ಅದನ್ನು ಕಾಡಾಗಿಯೇ ಇರಲು ಬಿಟ್ಟರು. 2012ರಲ್ಲಿ ತಾವಾಗಿಯೇ ಅಂಗಡಿ ಮುಚ್ಚಿದರು. ಸೈಕಲ್ ಸವಾರಿ ಮತ್ತು ಬರವಣಿಗೆಗೆ ಹೆಚ್ಚು ಹೊತ್ತು ಸಿಕ್ಕಿತು.

ಅವರಿಗಿಂತ ಹಿಂದಿನ ತಲೆಮಾರಿನಲ್ಲಿ ಶಿವರಾಮ ಕಾರಂತರಿದ್ದರು. ಪುತ್ತೂರಿನಲ್ಲಿ ಮನೆ, ಆದರೆ ಕಾಲು ನಿಂತಲ್ಲಿ ನಿಂತದ್ದಿಲ್ಲ. ‘ಅಬೂವಿನಿಂದ ಬರಾಮಕ್ಕೆ’, ‘ಅಪೂರ್ವ ಪಶ್ಚಿಮ’ ಎಂಬ ಪ್ರವಾಸ ಕಥನಗಳ ಹೆಸರೇ ಆ ಅಲೆದಾಟದ ವ್ಯಾಪ್ತಿ ಹೇಳುತ್ತದೆ. ಮಕ್ಕಳಿಗಾಗಿ ‘ಬಾಲಪ್ರಪಂಚ’, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು ಅವರ ಓದಿನ ಹಸಿವಿನಿಂದಲೇ ಬಂದವು. 1902ರಲ್ಲಿ ಹುಟ್ಟಿದ ಅವರು ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ವಯಸ್ಸಾಯಿತೆಂದು ಪಟ್ಟಿಯನ್ನು ಮಡಿಚಿಟ್ಟವರಲ್ಲ.

ಇಂಥ ಪಟ್ಟಿಗೆ ವಿಮಾನದ ಟಿಕೆಟ್ಟೇ ಬೇಕೆಂದಿಲ್ಲ. ಮಂಗಳೂರಿನವರಿಗೆ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲೇ ಪುಸ್ತಕದ ಊರುಗಳಿವೆ. ಕಾರಂತರ 1943ರ ಕಾದಂಬರಿ ‘ಬೆಟ್ಟದ ಜೀವ’ ಓದಿದವರು ಮಂಗಳೂರು ಸೆಂಟ್ರಲ್‌ನಲ್ಲಿ ಸುಬ್ರಹ್ಮಣ್ಯ ರೋಡ್ ಕಡೆಯ ಪ್ಯಾಸೆಂಜರ್ ರೈಲು ಹತ್ತಿದರೆ ಸಾಕು. ಕಬಕ-ಪುತ್ತೂರಿನಲ್ಲಿ ಇಳಿದರೆ ಅವರು ಬಾಳಿದ ಬಾಲವನ. ಮುಂದೆ ಸಾಗಿದರೆ ಕಾದಂಬರಿಯ ಗೋಪಾಲಯ್ಯನವರ ಕಥೆ ನಡೆದ ಕುಮಾರಪರ್ವತದ ಸೆರಗು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದವರಿಗೆ ತೆಂಕು ದಿಕ್ಕಿನ ರೈಲು. ಕಾಸರಗೋಡು ದಾಟಿದ ಮೇಲೆ ಅದೇ ಹೊಳೆ, ದಡದಲ್ಲಿ ಕೆಳದಿ ಅರಸರ ಕಾಲದ ಕೋಟೆ. ಆ ಕಾದಂಬರಿಯ ನಾದಿರಾಳ ಸಂಕಟ ತಿಳಿದವರಿಗೆ ಆ ನೀರು ಪ್ರವಾಸಿ ತಾಣವಾಗಿಯಷ್ಟೇ ಕಾಣುವುದಿಲ್ಲ. ದಾರಿಯಲ್ಲೇ ಮಂಜೇಶ್ವರವಿದೆ, ಹತ್ತಾರು ಭಾಷೆ ಕಲಿತ ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಮನೆ ಅಲ್ಲಿದೆ. ಅವರು ಹುಟ್ಟಿದ್ದು ಮಂಗಳೂರಿನಲ್ಲಿ, 1883ರಲ್ಲಿ.

ಊರು ಬಿಟ್ಟು ಹೊರಡಲು ಆಗದವರಿಗೆ ಬಲ್ಮಠವಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಇಲ್ಲೇ ಅಚ್ಚಾದ ನಿಘಂಟಿನ ಫರ್ಡಿನಾಂಡ್ ಕಿಟೆಲ್, ಇಬ್ಬರೂ ಇಲ್ಲಿ ನೆಲೆಯಿದ್ದ ಬಾಸೆಲ್ ಮಿಷನ್ನಿನವರು. ಅಲ್ಲಿಂದ ಹಂಪನಕಟ್ಟೆಗೆ ಇಳಿದು ಬಂದರಿನತ್ತ ನಡೆದರೆ ಬೊಮ್ಮ ಸರಕು ಸಾಗಿಸಿದ ಊರಿನ ಹಳೆಯ ವ್ಯಾಪಾರದ ಬೀದಿಗಳು ಸಿಗುತ್ತವೆ, ಮುಂದೆ ಧಕ್ಕೆ.

ಪಟ್ಟಿ ಹಾಕಿಕೊಳ್ಳುವವರು ಊರಿನ ಹೆಸರಿನ ಎದುರು ಪುಸ್ತಕದ ಹೆಸರನ್ನೂ ಬರೆದುಕೊಳ್ಳಲಿ. ಮಳೆಗಾಲದಲ್ಲಿ ಓದು, ಅಕ್ಟೋಬರ್ ಕಳೆದು ಘಟ್ಟದ ಹಾದಿ ಒಣಗಿದ ಮೇಲೆ ತಿರುಗಾಟ. ಮೊದಲ ಪುಸ್ತಕಕ್ಕೆ ಬಾವುಟಗುಡ್ಡೆಯ ಗ್ರಂಥಾಲಯದಲ್ಲಿ ವಿಚಾರಿಸಬಹುದು.