ಹಳೆಯ ಜಿಪ್ಸಿಯೋ, ಹೊಸ ಜಿಮ್ನಿಯೋ? ದಾರಿಯನ್ನು ನೋಡಿ ನಿರ್ಧರಿಸೋಣ

ಹೊರನಾಡಿನಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಿಗೆ ಊರಿನಲ್ಲಿ ಇಂದಿಗೂ ಒಂದು ಮನೆ, ಒಂದಿಷ್ಟು ತೋಟ ಉಳಿದುಕೊಂಡಿವೆ. ಜೊತೆಗೆ, ಮಳೆಗಾಲದ ಕೆಸರಿನಲ್ಲಿ ಆ ಮನೆಗೆ ತಲುಪಿಸುವ ಒಂದು ಹಳೆಯ ಜೀಪೂ ಇರುತ್ತದೆ. ಅದು ಹಿರಿಯರು ಕೊಂಡ ವಾಹನ. ಮಕ್ಕಳು ಅದರಲ್ಲಿಯೇ ಗೇರು ಬದಲಾಯಿಸಲು ಕಲಿತಿರುತ್ತಾರೆ. ಅದಕ್ಕೆ ವಯಸ್ಸಾದಾಗ, ಇದನ್ನು ದುರಸ್ತಿ ಮಾಡಿಸಿ ಉಳಿಸಿಕೊಳ್ಳುವುದೇ ಅಥವಾ ಕೊಟ್ಟು ಅದೇ ಜಾತಿಯ ಹೊಸದನ್ನು ಕೊಳ್ಳುವುದೇ ಎಂಬ ಪ್ರಶ್ನೆ ಎದುರಾಗುತ್ತದೆ. ಪುಣೆಯಲ್ಲಿರುವ ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರವನ್ನು ಹುಡುಕುವಾಗ ತಿಳಿದುಬಂದ ಸಂಗತಿಗಳು ಇತರರಿಗೂ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮದು 2006ರ ಮಾರುತಿ ಜಿಪ್ಸಿ. ಮೂಡಿಗೆರೆಯ ಬಳಿಯ ಕಾಫಿ ತೋಟಕ್ಕೆಂದು ತಂದೆಯವರು ಕೊಂಡದ್ದು. ಅವರು ತೀರಿಕೊಂಡ ಮೇಲೆ ಅದು ವರ್ಷದಲ್ಲಿ ಕೆಲವು ತಿಂಗಳು ನಮ್ಮೊಡನೆ ಪುಣೆಯಲ್ಲಿಯೂ, ಉಳಿದ ಕಾಲ ಚಿಕ್ಕಪ್ಪನವರ ವಶದಲ್ಲಿ ತೋಟದಲ್ಲಿಯೂ ಇರುತ್ತಿತ್ತು. ಹದಿನೈದು ವರ್ಷದ ನೋಂದಣಿ 2021ರಲ್ಲಿ ಮುಗಿದಾಗ ಐದು ವರ್ಷಕ್ಕೆ ನವೀಕರಿಸಿದೆವು. ಆ ಅವಧಿಯೂ 2026ರಲ್ಲಿ ಮುಗಿಯುವುದರಿಂದ ನಿರ್ಧಾರವನ್ನು ಮುಂದೂಡುವಂತಿರಲಿಲ್ಲ.

ಆದರೆ ನಮ್ಮನ್ನು ನಿಜವಾಗಿ ಎಚ್ಚರಿಸಿದ್ದು ನೋಂದಣಿಯ ದಿನಾಂಕವಲ್ಲ. 2024ರ ಜುಲೈನಲ್ಲಿ ಊರಿಗೆ ಹೋಗುತ್ತಿದ್ದಾಗ, ಹೆದ್ದಾರಿಯಲ್ಲಿ ಮಳೆ ಸುರಿಯುತ್ತಿದ್ದ ವೇಳೆ ಮುಂದಿದ್ದ ಲಾರಿ ಹಠಾತ್ತನೆ ನಿಂತಿತು. ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರಗಳು ತಿರುಗುವುದನ್ನು ನಿಲ್ಲಿಸಿದವು, ವಾಹನ ಮಾತ್ರ ನಿಲ್ಲದೆ ಜಾರಿತು. ಲಾರಿಗೆ ತಗಲದೆ ಒಂದು ಮೊಳದ ಅಂತರದಲ್ಲಿ ನಿಂತೆವು. ಹಿಂಬದಿಯ ಅಡ್ಡ ಬೆಂಚಿನ ಮೇಲೆ ಸೀಟ್ ಬೆಲ್ಟ್ ಇಲ್ಲದೆ ಕುಳಿತಿದ್ದ ನಮ್ಮ ತಾಯಿಯವರು ಮುಂದಕ್ಕೆ ಬಿದ್ದು ಮುಂಗೈಯ ಮೂಳೆ ಬಿರುಕು ಬಿಟ್ಟಿತು. ಆರು ವಾರ ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಅವರು, "ಗಾಡಿಯದೇನೂ ತಪ್ಪಿಲ್ಲ, ಅದಕ್ಕೆ ವಯಸ್ಸಾಯಿತು, ನನಗೂ ವಯಸ್ಸಾಯಿತು" ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಎರಡು ವಾಹನಗಳ ನಡುವಿನ ಅಂತರ

ಮಾರುತಿ ಜಿಪ್ಸಿ 1985ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದಿತು. ಮೊದಲು 970 ಸಿ.ಸಿ. ಎಂಜಿನ್ ಇದ್ದು, 1996ರಲ್ಲಿ 1.3 ಲೀಟರ್ ಎಂಜಿನ್ ಬಂದಿತು. 2000ದ ಸುಮಾರಿಗೆ 16 ವಾಲ್ವುಗಳ, 80 ಅಶ್ವಶಕ್ತಿಯ ಎಂಜಿನ್ ದೊರೆಯಿತು. ಬಲವಾದ ಏಣಿಯಾಕಾರದ ಚಾಸಿ, ನಾಲ್ಕೂ ಚಕ್ರಗಳಿಗೆ ಲೀಫ್ ಸ್ಪ್ರಿಂಗ್, ಸುಮಾರು ಒಂದು ಟನ್ ತೂಕ. ಸೈನ್ಯದವರೂ ಪೊಲೀಸರೂ ದಶಕಗಳ ಕಾಲ ಇದನ್ನು ನೆಚ್ಚಿಕೊಂಡಿದ್ದರು. ಹೊಸ ಸುರಕ್ಷತಾ ನಿಯಮಗಳಿಗೂ ಹೊಗೆ ನಿಯಮಗಳಿಗೂ ಹೊಂದಿಸಲಾಗದೆ 2019ರಲ್ಲಿ ಸಾರ್ವಜನಿಕರಿಗೆ ಇದರ ಮಾರಾಟ ನಿಂತಿತು. ಇದರ ಉತ್ತರಾಧಿಕಾರಿಯೆನ್ನಬಹುದಾದ ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಲ್ಲಿ ಬಂದಿತು. ಆಗ ಅದರ ಆರಂಭಿಕ ಷೋರೂಂ ಬೆಲೆ 12.74 ಲಕ್ಷ ರೂಪಾಯಿ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾದ ನಂತರ ಬೆಲೆ ಸ್ವಲ್ಪ ತಗ್ಗಿದೆ.

ಜಿಮ್ನಿಯ ಎಂಜಿನ್ 1.5 ಲೀಟರಿನದು, ಶಕ್ತಿ ಸುಮಾರು 105 ಅಶ್ವಶಕ್ತಿ. ಆದರೆ ಅದರ ತೂಕ ಸುಮಾರು 1.2 ಟನ್. ತೂಕಕ್ಕೆ ಹೋಲಿಸಿದರೆ ಶಕ್ತಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ನೆಲದಿಂದ ಇರುವ ಎತ್ತರವೂ ಎರಡರಲ್ಲಿಯೂ 210 ಮಿಲಿಮೀಟರ್. ಫೋರ್‌ವೀಲ್ ಡ್ರೈವಿನ ಮೂಲ ರೀತಿಯೂ ಒಂದೇ. ಬೇಕೆನಿಸಿದಾಗ ಪ್ರತ್ಯೇಕ ಸನ್ನೆಯನ್ನು ಎಳೆದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳೆರಡಕ್ಕೂ ಶಕ್ತಿ ಸಮನಾಗಿ ಹರಿಯುತ್ತದೆ. ಇನ್ನೂ ಕಡಿದಾದ ಏರಿಗೆ ಲೋ ಗೇರ್ ಇದೆ. ಎರಡರಲ್ಲಿಯೂ ಇದನ್ನು ಒಣಗಿದ ಡಾಂಬರು ರಸ್ತೆಯಲ್ಲಿ ಬಳಸಬಾರದು.

ವ್ಯತ್ಯಾಸವಿರುವುದು ಬೇರೆಡೆ. ಜಿಪ್ಸಿಯಲ್ಲಿ ಒಂದು ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ತೇಲಿದರೆ, ಆ ಆಕ್ಸಲ್‌ನ ಶಕ್ತಿಯೆಲ್ಲ ಆ ಚಕ್ರವನ್ನು ಸುಮ್ಮನೆ ತಿರುಗಿಸುವುದರಲ್ಲಿಯೇ ವ್ಯರ್ಥವಾಗುತ್ತದೆ. ಜಿಮ್ನಿಯಲ್ಲಿ ಹಾಗೆ ತಿರುಗುವ ಚಕ್ರಕ್ಕೆ ಗಣಕ ವ್ಯವಸ್ಥೆಯೇ ಬ್ರೇಕ್ ಹಾಕಿ, ನೆಲಕ್ಕೆ ಊರಿರುವ ಎದುರು ಚಕ್ರಕ್ಕೆ ಶಕ್ತಿ ದೊರಕುವಂತೆ ಮಾಡುತ್ತದೆ. ಲೀಫ್ ಸ್ಪ್ರಿಂಗಿಗೆ ಬದಲಾಗಿ ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಬೆನ್ನಿಗೆ ಬೀಳುವ ಕುಲುಕಾಟವೂ ಕಡಿಮೆ. ಪವರ್ ಸ್ಟೀರಿಂಗ್ ಇದೆ, ಏರ್ ಕಂಡೀಷನರ್ ಇದೆ.

ಜಿಪ್ಸಿಗೂ ತನ್ನದೇ ಆದ ಅನುಕೂಲಗಳಿವೆ. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2375 ಮಿಲಿಮೀಟರ್, ಜಿಮ್ನಿಯದು 2590. ಈ ಅಂತರ ಹೆಚ್ಚಿದಷ್ಟೂ ದಿಬ್ಬ ದಾಟುವಾಗ ಹೊಟ್ಟೆಯ ಭಾಗ ನೆಲಕ್ಕೆ ತಗಲುವ ಸಂಭವ ಹೆಚ್ಚು. ಇನ್ನೊಂದು, ಜಿಮ್ನಿಗೆ ಬಾಗಿಲು ಐದಿದ್ದರೂ ಆಸನಗಳು ನಾಲ್ಕೇ. ಜಿಪ್ಸಿಯ ಅಡ್ಡ ಬೆಂಚುಗಳ ಮೇಲೆ ತೋಟದ ಆಳುಗಳು, ಗೊಬ್ಬರದ ಚೀಲ, ಹಲಸಿನ ಹಣ್ಣು ಎಲ್ಲಕ್ಕೂ ಜಾಗವಿರುತ್ತದೆ. ನಾವಿಬ್ಬರು, ಇಬ್ಬರು ಮಕ್ಕಳು, ತಾಯಿಯವರು ಸೇರಿ ಮನೆಯಲ್ಲಿ ಐವರು. ಹನ್ನೆರಡು ಲಕ್ಷಕ್ಕೂ ಮಿಗಿಲಾದ ಹಣ ಕೊಟ್ಟ ಮೇಲೆ ಒಬ್ಬರನ್ನು ಬಿಟ್ಟು ಹೋಗಬೇಕೆಂಬುದು ಷೋರೂಮಿನಲ್ಲಿ ಕುಳಿತು ನೋಡಿದಾಗಲೇ ನಮಗೆ ಹೊಳೆದದ್ದು.

ಮಹೀಂದ್ರಾ ಥಾರ್ ಹೊಂದಿರುವವರ ಮುಂದೆಯೂ ಇಂತಹುದೇ ಪ್ರಶ್ನೆಯಿದೆ. ಮೊದಲ ಥಾರ್ 2010ರದು, ಎರಡನೆಯ ಪೀಳಿಗೆ 2020ರ ಅಕ್ಟೋಬರ್ 2ರಂದು ಬಂದಿತು, ಐದು ಬಾಗಿಲಿನ ರಾಕ್ಸ್ 2024ರ ಆಗಸ್ಟ್‌ನಲ್ಲಿ. ರಾಕ್ಸ್‌ನಲ್ಲಿ ಐವರು ಕುಳಿತುಕೊಳ್ಳಬಹುದು. ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಅದಕ್ಕೆ ಐದು ನಕ್ಷತ್ರಗಳೂ ದೊರೆತಿವೆ. ಆದರೆ ಜಿಪ್ಸಿಯ ಅಗಲ 1540 ಮಿಲಿಮೀಟರ್ ಆದರೆ ರಾಕ್ಸ್‌ನದು 1870. ಹಳೆಯ ಜೀಪಿನ ಅಳತೆಗೆ ಕಡಿದ ತೋಟದ ದಾರಿಗೂ ಗೇಟಿಗೂ ಈ ಒಂದು ಅಡಿಗೂ ಮಿಗಿಲಾದ ಹೆಚ್ಚಳ ಸಣ್ಣದಲ್ಲ. ಟೇಪು ಹಿಡಿದು ಅಳೆದ ಮೇಲೆಯೇ ಮುಂಗಡ ಕೊಡುವುದು ಲೇಸು.

ಹಣದ ಲೆಕ್ಕ

ಹೊಸ ವಾಹನ ಕೊಂಡರೆ ಪೆಟ್ರೋಲ್ ಉಳಿತಾಯವಾಗುತ್ತದೆಂಬ ಮಾತು ಸಾಮಾನ್ಯ. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 5,000 ಕಿಲೋಮೀಟರ್ ಓಡಿಸಿದರೆ, ಲೀಟರಿಗೆ 10 ಕಿಲೋಮೀಟರ್ ಕೊಡುವ ನಮ್ಮ ಜಿಪ್ಸಿಗೆ 500 ಲೀಟರ್ ಬೇಕು. ಜಿಮ್ನಿಯ ಘೋಷಿತ ಮೈಲೇಜು ಸುಮಾರು 17 ಆದರೂ, ಬಳಕೆಯಲ್ಲಿ 14 ಎಂದಿಟ್ಟುಕೊಂಡರೆ ಸುಮಾರು 357 ಲೀಟರ್. ಉಳಿಯುವುದು 143 ಲೀಟರ್, ಅಂದರೆ ಲೀಟರಿಗೆ 105 ರೂಪಾಯಿಯಂತೆ ವರ್ಷಕ್ಕೆ 15,000 ರೂಪಾಯಿ. ತೆರಿಗೆ, ವಿಮೆ ಸೇರಿ ಹದಿನೈದು ಲಕ್ಷ ಬೀಳುವ ವಾಹನದ ಬೆಲೆ ಈ ಉಳಿತಾಯದಿಂದ ಹಿಂತಿರುಗಲು ನೂರು ವರ್ಷ ಬೇಕು! ಆದುದರಿಂದ ಪೆಟ್ರೋಲಿನ ಉಳಿತಾಯವನ್ನು ಕಾರಣವಾಗಿ ಮುಂದಿಡುವುದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳುವ ಮಾತಷ್ಟೆ.

ಹಳೆಯದನ್ನು ಉಳಿಸಿಕೊಳ್ಳುವುದೂ ಬಿಟ್ಟಿಯಲ್ಲ. ಬ್ರೇಕ್, ಸ್ಟೀರಿಂಗ್, ಸ್ಪ್ರಿಂಗಿನ ಬುಷ್‌ಗಳು, ಚಾಸಿಯ ತುಕ್ಕು ಹಿಡಿದ ಭಾಗಕ್ಕೆ ವೆಲ್ಡಿಂಗ್, ಪೆಟ್ರೋಲಿನ ರಬ್ಬರ್ ಕೊಳವೆಗಳು, ಎಲ್ಲ ಸೇರಿ ನಮಗೆ ಗ್ಯಾರೇಜಿನವರು ಕೊಟ್ಟ ಅಂದಾಜು 1,40,000 ರೂಪಾಯಿ. ಇವುಗಳಲ್ಲಿ ಎರಡು ವಿಷಯಗಳನ್ನು ಎಲ್ಲರೂ ಗಮನಿಸಬೇಕು. ಮೊದಲನೆಯದು ಚಾಸಿ. ಮುಂಬಯಿ, ಚೆನ್ನೈ, ಮಂಗಳೂರಿನಂತಹ ಕಡಲ ತೀರದ ಊರುಗಳಲ್ಲಿದ್ದ ವಾಹನವಾದರೆ, ಅದನ್ನು ಮೇಲಕ್ಕೆತ್ತಿಸಿ ಸ್ಪ್ರಿಂಗ್ ಕೂರುವ ಜಾಗಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಅಲ್ಲಿ ಕಬ್ಬಿಣ ಪೊಳ್ಳಾಗಿದ್ದರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಆ ವಾಹನದ ಕಾಲ ಮುಗಿಯಿತೆಂದೇ ತಿಳಿಯಬೇಕು. ಎರಡನೆಯದು ಇಂಧನ. ಈಗ ಬಂಕುಗಳಲ್ಲಿ ದೊರೆಯುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ವಾಹನಗಳ ರಬ್ಬರ್ ಭಾಗಗಳು ಇದಕ್ಕೆಂದು ತಯಾರಾದವಲ್ಲ. ಕೊಳವೆಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಆಗಾಗ್ಗೆ ಪರೀಕ್ಷಿಸಿ ಬದಲಾಯಿಸದಿದ್ದರೆ ಸೋರಿಕೆಯ ಅಪಾಯವಿದೆ.

ಹೊರನಾಡ ಕನ್ನಡಿಗರಿಗೆ ಕಾನೂನಿನ ತೊಡಕು

ಕರ್ನಾಟಕದ ನೋಂದಣಿಯ ವಾಹನವನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ, 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಆ ರಾಜ್ಯದ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಅದಕ್ಕೆ ಊರಿನ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಹೊಸ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಹಳೆಯ ವಾಹನಗಳಿಗೆ ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲಿಯೂ ಹಸಿರು ತೆರಿಗೆ ಪ್ರತ್ಯೇಕವಾಗಿದೆ. ಹದಿನೈದು ವರ್ಷ ಕಳೆದ ಕಾರುಗಳ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ಮೀರಿದವಕ್ಕೆ 2025ರ ಆಗಸ್ಟ್‌ನಲ್ಲಿ ಅದು 10,000 ಆಯಿತು.

ದೆಹಲಿಯ ನಮ್ಮ ಬಂಧುಗಳ ಸ್ಥಿತಿ ಇನ್ನೂ ಕಠಿಣ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಆದೇಶ ಮತ್ತು ಅದನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯದ 2018ರ ಆದೇಶದಂತೆ, ರಾಜಧಾನಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಹಾಗೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳು ಓಡಾಡುವಂತಿಲ್ಲ. 2025ರಲ್ಲಿ ನ್ಯಾಯಾಲಯ ಮಾಲೀಕರಿಗೆ ಕೆಲಮಟ್ಟಿನ ರಕ್ಷಣೆ ನೀಡಿತಾದರೂ, ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಬಿಎಸ್-4 ಮತ್ತು ಅನಂತರದ ವಾಹನಗಳಿಗೆ ಸೀಮಿತಗೊಳಿಸಿತು. ಅಲ್ಲಿರುವವರು ಹಳೆಯ ಜಿಪ್ಸಿಯ ಮೋಹವನ್ನು ಬಿಡಬೇಕು. ಇಲ್ಲವೆ ನಿರಾಕ್ಷೇಪಣಾ ಪತ್ರ ಪಡೆದು ಅದನ್ನು ಊರಿಗೆ ಸಾಗಿಸಬೇಕು.

ಸುರಕ್ಷತೆಯ ಪ್ರಶ್ನೆ

ಹಳೆಯದಕ್ಕೂ ಹೊಸದಕ್ಕೂ ಇರುವ ನಿಜವಾದ ಕಂದಕ ಇಲ್ಲಿದೆ. ಜಿಪ್ಸಿಗೆ ಏರ್‌ಬ್ಯಾಗ್ ಇಲ್ಲ, ಎ.ಬಿ.ಎಸ್. ಇಲ್ಲ. ಜಿಮ್ನಿಯ ಎಲ್ಲ ಮಾದರಿಗಳಲ್ಲಿಯೂ ಆರು ಏರ್‌ಬ್ಯಾಗ್, ಎ.ಬಿ.ಎಸ್. ಮತ್ತು ವಾಹನ ಅಡ್ಡ ಜಾರದಂತೆ ತಡೆಯುವ ಇ.ಎಸ್.ಪಿ. ಇವೆ. ಎ.ಬಿ.ಎಸ್. ಎಂದರೆ, ಬ್ರೇಕನ್ನು ಎಷ್ಟು ಬಲವಾಗಿ ಒತ್ತಿದರೂ ಚಕ್ರ ಪೂರ್ತಿ ಸ್ತಬ್ಧವಾಗದಂತೆ ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಸಡಿಲಿಸಿ ಬಿಗಿಗೊಳಿಸುವ ವ್ಯವಸ್ಥೆ. ಸ್ತಬ್ಧವಾದ ಚಕ್ರ ಒದ್ದೆ ರಸ್ತೆಯಲ್ಲಿ ಸ್ಟೀರಿಂಗಿನ ಮಾತನ್ನು ಕೇಳುವುದಿಲ್ಲ. ತಿರುಗುತ್ತಿರುವ ಚಕ್ರ ಕೇಳುತ್ತದೆ. ಅಂದು ಲಾರಿಯ ಹಿಂದೆ ನಮಗೆ ಬೇಕಾಗಿದ್ದದ್ದು ಇದೇ. ಹಾಗೆಂದು ಹೊಸದೆಲ್ಲವೂ ಪರಿಪೂರ್ಣವೆಂದಲ್ಲ. ಮೂರು ಬಾಗಿಲಿನ ಜಿಮ್ನಿಗೆ 2018ರ ಯೂರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊರೆತದ್ದು ಮೂರೇ ನಕ್ಷತ್ರ. ಆದರೂ ಏನೂ ಇಲ್ಲದ ಜಿಪ್ಸಿಗಿಂತ ಅದು ಬಹಳ ಮುಂದಿದೆ. ಹಳೆಯ ಜಿಪ್ಸಿಗೆ ಎಷ್ಟೇ ಹಣ ಸುರಿದರೂ ಈ ಗುಣಗಳನ್ನು ಹೊರಗಿನಿಂದ ತಂದು ಜೋಡಿಸಲಾಗದು.

ನಾವು ಕಂಡುಕೊಂಡ ದಾರಿ

ಕೈಗೆ ಪಟ್ಟಿ ಬಿಚ್ಚಿದ ಮೇಲೆ ತಾಯಿಯವರೇ ಒಂದು ಸಲಹೆ ಕೊಟ್ಟರು: "ಒಂದು ವರ್ಷ ಅದು ಎಲ್ಲೆಲ್ಲಿ ಓಡಿತು ಎಂದು ಬರೆದಿಡಿ, ಆಮೇಲೆ ಮಾತಾಡೋಣ." ಅದರಂತೆ ಡೈರಿಯಲ್ಲಿ ಬರೆದಿಟ್ಟೆವು. ವರ್ಷಾಂತ್ಯದಲ್ಲಿ ನೋಡಿದರೆ, ಓಡಿದ ಸುಮಾರು ಐದು ಸಾವಿರ ಕಿಲೋಮೀಟರಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆದ್ದಾರಿಯದು. ಪುಣೆಯಿಂದ ಮೂಡಿಗೆರೆಗೆ ಒಂದು ಬದಿಗೇ ಏಳು ನೂರು ಕಿಲೋಮೀಟರಿಗೂ ಮೀರಿದ ಹಾದಿ. ಫೋರ್‌ವೀಲ್ ಸನ್ನೆಯನ್ನು ಎಳೆದದ್ದು ಹತ್ತೊಂಬತ್ತು ದಿನ ಮಾತ್ರ, ಅದೂ ಮುಖ್ಯ ರಸ್ತೆಯಿಂದ ತೋಟದ ಮನೆಯವರೆಗಿನ ನಾಲ್ಕು ಕಿಲೋಮೀಟರಿನಲ್ಲಿ. ಆ ಹತ್ತೊಂಬತ್ತು ದಿನಗಳಲ್ಲಿ ಜಿಪ್ಸಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಅಂದರೆ ಜಿಪ್ಸಿ ಹಳತಾದದ್ದು ತೋಟದ ದಾರಿಗಲ್ಲ, ಹೆದ್ದಾರಿಗೆ. ನಾವು ಬದಲಾಯಿಸಬೇಕಾದದ್ದು ವಾಹನವನ್ನಲ್ಲ, ಅದರ ಕೆಲಸವನ್ನು. ಹೀಗಾಗಿ ಜಿಪ್ಸಿಯನ್ನು ಶಾಶ್ವತವಾಗಿ ತೋಟಕ್ಕೆ ಕಳುಹಿಸಿದೆವು. ದುರಸ್ತಿ ಮುಗಿದಿದೆ. ನವೀಕರಣದ ಕೆಲಸವನ್ನು ಚಿಕ್ಕಪ್ಪನವರು ಚಿಕ್ಕಮಗಳೂರಿನಲ್ಲಿ ನೋಡಿಕೊಳ್ಳುತ್ತಿದ್ದಾರೆ. ದೂರ ಪ್ರಯಾಣಕ್ಕೆ ಜಿಮ್ನಿಗಿಂತ ಕಡಿಮೆ ಬೆಲೆಯ, ಆರು ಏರ್‌ಬ್ಯಾಗ್ ಇರುವ, ಐದು ಆಸನದ ಸಾಮಾನ್ಯ ಕಾರನ್ನು ಕೊಂಡೆವು. ಅದು ಮುಖ್ಯ ರಸ್ತೆಯ ಬಳಿ ಪರಿಚಿತರ ಅಂಗಳದಲ್ಲಿ ನಿಲ್ಲುತ್ತದೆ. ಮುಂದಿನ ನಾಲ್ಕು ಕಿಲೋಮೀಟರ್ ಜಿಪ್ಸಿಯದು.

ಎಲ್ಲರಿಗೂ ಇದೇ ಉತ್ತರವೆಂದು ನಾವು ಹೇಳುವುದಿಲ್ಲ. ನಾಲ್ವರೇ ಇರುವ ಮನೆ, ಒಂದೇ ವಾಹನ ನಿಲ್ಲಿಸಲು ಜಾಗ, ಹೆದ್ದಾರಿಯೂ ಕೆಸರೂ ಅದರಲ್ಲಿಯೇ ದಾಟಬೇಕು ಎಂಬಂತಹವರಿಗೆ ಜಿಮ್ನಿಯಂತಹ ಹೊಸ ವಾಹನವೇ ಸರಿ. ಅವರು ಹಳೆಯದನ್ನು ಹಿಡಿದುಕೊಂಡು ಕೂರಬಾರದು. ಚಾಸಿ ಪೊಳ್ಳಾಗಿದ್ದವರಿಗೂ ಬೇರೆ ಆಯ್ಕೆಯಿಲ್ಲ. ವರ್ಷಕ್ಕೊಮ್ಮೆ ಮಾತ್ರ ಊರಿಗೆ ಹೋಗುವವರಿಗೆ ಎರಡೂ ಬೇಡ. ಊರಿನಲ್ಲಿ ಬಾಡಿಗೆಯ ಜೀಪು ಸಾಕು. ಆದರೆ ನಿರ್ಧರಿಸುವ ಮೊದಲು ಎಲ್ಲರೂ ಒಂದು ವರ್ಷದ ಓಡಾಟವನ್ನು ಬರೆದು ನೋಡುವುದು ಒಳ್ಳೆಯದು. ಯಾವ ದಾರಿ, ಎಷ್ಟು ದಿನ, ಹಿಂದಿನ ಸೀಟಿನಲ್ಲಿ ಯಾರು ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರ ದೊರೆತರೆ ಷೋರೂಮಿನಲ್ಲಿ ದಾರಿ ತಪ್ಪುವ ಭಯವಿಲ್ಲ.

ಕಳೆದ ದೀಪಾವಳಿಗೆ ಹೋದಾಗ ತಾಯಿಯವರು ಕಾರಿನಿಂದಿಳಿದು ಜಿಪ್ಸಿಯ ಮುಂದಿನ ಸೀಟಿನಲ್ಲಿ ಕುಳಿತು, ತಾವಾಗಿಯೇ ಬೆಲ್ಟನ್ನು ಎಳೆದು ಕಟ್ಟಿಕೊಂಡರು. ಮಕ್ಕಳು ಹಿಂದಿನ ಬೆಂಚಿನ ಮೇಲೆ ಕಂಬಿ ಹಿಡಿದು ಕುಳಿತರು. ಚಿಕ್ಕಪ್ಪನವರು ಲೋ ಗೇರಿನಲ್ಲಿ, ನಡೆಯುವವರ ವೇಗದಲ್ಲಿ, ಮನೆಯವರೆಗೆ ಕರೆದೊಯ್ದರು.