ಬ್ಯಾಟರಿ ಸತ್ತರೆ ಮುಚ್ಚಳ ತೆರೆಯಲ್ಲ, ಮುಚ್ಚಳ ತೆರೆಯದೆ ಬ್ಯಾಟರಿ ಸಿಗಲ್ಲ!

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಗಾದೆ ನಿಮಗೆ ಗೊತ್ತೇ ಇದೆ. ಅದಕ್ಕೊಂದು ಜರ್ಮನ್ ಉದಾಹರಣೆ ಬೇಕಿದ್ದರೆ 2000ರ ದಶಕದ ನಡುವೆ ಬಂದ ಪೋರ್ಷೆ ಬಾಕ್ಸ್‌ಸ್ಟರ್ ಅಥವಾ 911 ಕಾರನ್ನು ನೋಡಬೇಕು. ಕಾರು ಗೊತ್ತಿದ್ದವರ ಬಾಯಲ್ಲಿ ಇವುಗಳ ಹೆಸರು 987 ಮತ್ತು 997. ಎರಡರಲ್ಲೂ ಎಂಜಿನ್ ಸೀಟುಗಳ ಹಿಂದೆ ಇರುತ್ತದೆ. ನಾವು ಬಾನೆಟ್ ಅನ್ನೋ ಜಾಗದಲ್ಲಿ ಇರೋದು ಡಿಕ್ಕಿ. ಆ ಡಿಕ್ಕಿಯ ಒಳಗೆ, ಗಾಜಿನ ಬುಡದಲ್ಲಿ, ಪ್ಲಾಸ್ಟಿಕ್ ಕವರ್ ಅಡಿಯಲ್ಲಿ ಬ್ಯಾಟರಿ ಕೂತಿರುತ್ತದೆ. ಡಿಕ್ಕಿಯ ಮುಚ್ಚಳ ತೆರೆಯಲು ತಂತಿ ಎಳೆಯುವ ಹಳೇ ಹಿಡಿ ಇಲ್ಲ, ಕರೆಂಟಿನ ಸ್ವಿಚ್ ಇದೆ. ಕರೆಂಟ್ ಬರೋದು ಬ್ಯಾಟರಿಯಿಂದ. ಬ್ಯಾಟರಿ ಇರೋದು ಮುಚ್ಚಳದ ಕೆಳಗೆ.

ಅರ್ಥವಾಯಿತಲ್ಲ? ಮನೆ ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಇದೆಲ್ಲ ಕೋಟ್ಯಧಿಪತಿಗಳ ತಲೆನೋವು, ನಮಗ್ಯಾಕೆ ಅಂತ ಸ್ಕ್ರಾಲ್ ಮಾಡಿಬಿಡಬೇಡಿ. ಹಳೇ ಬಾಕ್ಸ್‌ಸ್ಟರ್ ಅಮೆರಿಕದಲ್ಲಿ ಹೊಸ ಫ್ಯಾಮಿಲಿ ಕಾರಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತದೆ. ಅಲ್ಲಿರೋ ನಮ್ಮ ಹುಡುಗ ಹುಡುಗಿಯರು ಮೊದಲ ಬೋನಸ್ ಬಂದಾಗ ಕಣ್ಣು ಹಾಕೋದು ಇಂಥದ್ದರ ಮೇಲೇ. ಮಿಷಿಗನ್‌ನಲ್ಲಿರೋ ನನ್ನ ಚಿಕ್ಕಪ್ಪನ ಮಗನೂ ಹಾಗೇ ಒಂದು ಕೊಂಡ. ಹಿಮದ ತಿಂಗಳುಗಳಲ್ಲಿ ಅದನ್ನು ಗ್ಯಾರೇಜಿನಲ್ಲಿ ಬಿಟ್ಟ. ಮಾರ್ಚ್‌ನಲ್ಲಿ ರಿಮೋಟ್ ಒತ್ತಿದರೆ ಕಾರು ಕಣ್ಣೂ ಮಿಟುಕಿಸಲಿಲ್ಲ.

ಜಾಗ ಇಲ್ಲದ್ದಕ್ಕಲ್ಲ, ತೂಕಕ್ಕಾಗಿ

ಬ್ಯಾಟರಿಯನ್ನು ಅಷ್ಟು ಒಳಗೆ ಬಚ್ಚಿಡೋದು ಯಾಕೆ? ಸೀಸ ಮತ್ತು ಆಮ್ಲದ ಈ ಪೆಟ್ಟಿಗೆ ಸುಮಾರು 20 ಕೆ.ಜಿ. ತೂಗುತ್ತದೆ. ಮಾಮೂಲಿ ಕಾರಿನಲ್ಲಿ ಅದು ಎಲ್ಲಿದ್ದರೂ ನಡೆಯುತ್ತದೆ. ತಿರುವಿನಲ್ಲಿ ಚುರುಕಾಗಿ ತಿರುಗಬೇಕಾದ ಕಾರಿಗೆ ಮಾತ್ರ ಇಪ್ಪತ್ತು ಕೆ.ಜಿ. ಎಲ್ಲಿ ಕೂತಿದೆ ಅನ್ನೋದು ದೊಡ್ಡ ವಿಷಯ. ಮೂಗಿನ ತುದಿಯಲ್ಲಿ ಭಾರವಿದ್ದರೆ ಕಾರು ತಿರುಗಲು ಹಟ ಮಾಡುತ್ತದೆ. ಅದಕ್ಕೇ ಅದನ್ನು ಮುಂದಿನ ತುದಿಯಿಂದ ಹಿಂದಕ್ಕೆ, ಕಾರಿನ ನಡುವಿನ ಕಡೆಗೆ ತಳ್ಳುತ್ತಾರೆ. ಮಜ್ದಾದವರು ತಮ್ಮ ಎಂಎಕ್ಸ್-5 ಕಾರಿನ ಮೊದಲ ಮಾಡೆಲ್‌ನಲ್ಲಿ ಬ್ಯಾಟರಿಯನ್ನು ಹಿಂದಿನ ಡಿಕ್ಕಿಗೇ ಕಳಿಸಿದ್ದರು. ಎಂಬತ್ತು, ತೊಂಬತ್ತರ ದಶಕದ ಷೆವರ್ಲೆ ಕಾರ್ವೆಟ್‌ನಲ್ಲಿ ಅದು ಮುಂದಿನ ಚಕ್ರದ ಹಿಂಬದಿಗೆ ಹೋಗಿ ಕೂತಿತ್ತು, ಪಕ್ಕದ ಪ್ಯಾನಲ್ ಬಿಚ್ಚದೆ ಕೈಗೆ ಸಿಗುತ್ತಿರಲಿಲ್ಲ. ಕಾರು ಓಡಿಸುವವರ ಖುಷಿಗೆ ಮಾಡಿದ್ದು, ರಿಪೇರಿ ಮಾಡುವವರ ಬೆನ್ನಿಗೆ ಬಂತು.

ಈ ತೂಕದ ಹುಚ್ಚು ಎಲ್ಲಿವರೆಗೆ ಹೋಯಿತು ಅಂದ್ರೆ, 2009ರ ಕೊನೆಗೆ ಪೋರ್ಷೆ ತನ್ನ 911 ಜಿಟಿ3 ಮತ್ತು ಬಾಕ್ಸ್‌ಸ್ಟರ್ ಸ್ಪೈಡರ್ ಕೊಳ್ಳುವವರಿಗೆ ಲಿಥಿಯಂ ಅಯಾನ್ ಬ್ಯಾಟರಿ ಕೊಡ್ತೀವಿ ಅಂತ ಸಾರಿತು. ತೂಕ 6 ಕೆ.ಜಿ.ಗಿಂತ ಕಡಿಮೆ, ಅಂದರೆ ಸೀಸದ ಬ್ಯಾಟರಿಗಿಂತ 10 ಕೆ.ಜಿ.ಯಷ್ಟು ಹಗುರ. ಜರ್ಮನಿಯಲ್ಲಿ ಅದರ ಬೆಲೆ 1,904 ಯೂರೊ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದು ಸರಿಯಾಗಿ ಸ್ಟಾರ್ಟ್ ಮಾಡಲ್ಲ, ಆದ್ದರಿಂದ ಚಳಿಗಾಲಕ್ಕೆ ಇರಲಿ ಅಂತ ಮಾಮೂಲಿ ಬ್ಯಾಟರಿಯನ್ನೂ ಜೊತೆಗೇ ಕೊಡುತ್ತಿದ್ದರು. ಮಳೆ ಬಂದರೆ ಹಾಕ್ಕೊಳ್ಳಿ ಅಂತ ಶೋಕಿ ಶೂ ಜೊತೆ ಹವಾಯಿ ಚಪ್ಪಲಿ ಕೊಟ್ಟ ಹಾಗೆ.

ಮೊದಲು ಬಾಗಿಲು, ಆಮೇಲೆ ಮುಚ್ಚಳ

ತಮ್ಮ ವಿಡಿಯೊ ಕಾಲ್ ಮಾಡಿದಾಗ ಹಾಸನದಿಂದ ಚಿಕ್ಕಮ್ಮನೂ ಲೈನಿನಲ್ಲಿದ್ದರು. "ಅಕ್ಕಾ, ಪಕ್ಕದ ಮನೆಯವನು ಸಲಾಕೆ ತರ್ತೀನಿ, ಮೀಟಿ ತೆಗೆಯೋಣ ಅಂತಿದ್ದಾನೆ" ಅಂದ. "ಮುಟ್ಟಬೇಡ ಅನ್ನೋ ಅವನಿಗೆ" ಅಂದೆ. "ಪೂಜೆ ಮಾಡಿಸಿದ್ಯೇನೋ?" ಅಂತ ಚಿಕ್ಕಮ್ಮ.

ಸಲಾಕೆ ಹಾಕಿದರೆ ಮುಚ್ಚಳ ಬಾಗುತ್ತದೆ, ಪೇಂಟ್ ಹೋಗುತ್ತದೆ, ಬೀಗ ಮಾತ್ರ ಹಾಗೇ ಇರುತ್ತದೆ. ಬ್ಯಾಟರಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಬಿಲ್ ಅಲ್ಲೇ ಹುಟ್ಟೋದು. ಈ ಗಂಟು ಬಿಚ್ಚಲು ಪೋರ್ಷೆಯವರೇ ಒಂದು ಎಳೆ ಬಿಟ್ಟಿದ್ದಾರೆ, ಆದರೆ ಅದು ಮ್ಯಾನುಯಲ್‌ನ ಒಳಪುಟದಲ್ಲಿದೆ. ನಾವು ಮ್ಯಾನುಯಲ್ ತೆರೆಯೋದು ಕಾರು ಮಾರುವಾಗ.

ರಿಮೋಟ್ ಕೆಲಸ ಮಾಡದಿದ್ದರೂ ಕೀಲಿಯಲ್ಲಿ ಲೋಹದ ಎಸಳು ಇರುತ್ತದೆ. ಡ್ರೈವರ್ ಬಾಗಿಲನ್ನು ಅದರಿಂದ ತೆಗೆಯಬಹುದು. ನಿಧಾನಕ್ಕೆ ಎಳೆಯಿರಿ. ಈ ಕಾರುಗಳ ಕಿಟಕಿ ಗಾಜಿಗೆ ಸುತ್ತ ಚೌಕಟ್ಟಿಲ್ಲ. ಬಾಗಿಲು ತೆಗೆಯುವಾಗ ಗಾಜು ತಾನಾಗಿ ಸ್ವಲ್ಪ ಇಳಿದು ರಬ್ಬರಿನಿಂದ ಬಿಡಿಸಿಕೊಳ್ಳಬೇಕು. ಕರೆಂಟ್ ಇಲ್ಲದಾಗ ಅದು ಇಳಿಯಲ್ಲ, ಜೋರಾಗಿ ಎಳೆದರೆ ರಬ್ಬರ್ ಕಿತ್ತುಬರುತ್ತದೆ. ಒಮ್ಮೆ ತೆಗೆದ ಬಾಗಿಲನ್ನು ಕೆಲಸ ಮುಗಿಯೋವರೆಗೆ ಪೂರ್ತಿ ಮುಚ್ಚಬೇಡಿ.

ಇನ್ನು ಫ್ಯೂಸ್ ಬಾಕ್ಸ್. ಅಮೆರಿಕದ ಕಾರಿನಲ್ಲಿ ಅದು ಡ್ರೈವರ್ ಎಡಗಾಲಿನ ಪಕ್ಕದಲ್ಲಿದೆ. ನಮ್ಮಲ್ಲಿಯ ಬಲಗಡೆ ಸ್ಟೀರಿಂಗ್ ಕಾರಾದರೆ ಮ್ಯಾನುಯಲ್ ನೋಡಿಕೊಳ್ಳಿ. ಫ್ಯೂಸ್‌ಗಳ ನಡುವೆ ಕೆಂಪು ಬಣ್ಣದ ಒಂದು ಮೊಳೆಯಂಥದ್ದು ಇರುತ್ತದೆ, ಅದನ್ನು ಹೊರಕ್ಕೆ ಎಳೆಯಬಹುದು. ಬೇರೆ ಬ್ಯಾಟರಿಯ ಪ್ಲಸ್ ಕಡೆಯ ಕೆಂಪು ಕೇಬಲ್ ಇದಕ್ಕೆ. ಮೈನಸ್ ಕಡೆಯ ಕಪ್ಪು ಕೇಬಲ್ ಬಾಗಿಲಿನ ಬೀಗ ಕಚ್ಚಿಕೊಳ್ಳುವ ಲೋಹದ ಕೊಂಡಿಗೆ. ಆಮೇಲೆ ಮುಂದಿನ ಮುಚ್ಚಳದ ರಿಮೋಟ್ ಬಟನ್ನನ್ನು ಸುಮಾರು ಎರಡು ಸೆಕೆಂಡ್ ಒತ್ತಿ ಹಿಡಿದರೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಜೊತೆಗೆ ಅಲಾರಂ ಬೀದಿಗೆಲ್ಲ ಕೇಳೋ ಹಾಗೆ ಕೂಗಿಕೊಳ್ಳಬಹುದು. ಗಾಬರಿಯಾಗಿ ಕೇಬಲ್ ಕಿತ್ತು ಎಸೆಯಬೇಡಿ, ರಿಮೋಟಿನಿಂದ ಲಾಕ್ ಅನ್‌ಲಾಕ್ ಮಾಡಿದರೆ ಸುಮ್ಮನಾಗುತ್ತದೆ.

ಇಲ್ಲಿ ಎರಡು ವಿಷಯ ತಪ್ಪಲೇಬಾರದು. ಕೆಂಪು ಕಪ್ಪು ಅದಲು ಬದಲಾದರೆ ಕಾರಿನ ಕಂಪ್ಯೂಟರ್‌ಗಳು ಸುಟ್ಟುಹೋಗಬಹುದು. ಎರಡನೆಯದು, ಈ ಕೆಂಪು ಮೊಳೆ ಇರೋದು ಬೀಗ ತೆಗೆಯಲು ಮಾತ್ರ. ಅಲ್ಲಿಂದಲೇ ಕಾರು ಸ್ಟಾರ್ಟ್ ಮಾಡಲು ಹೋಗಬಾರದು. ಸ್ಟಾರ್ಟರ್ ಮೋಟಾರ್ ಎಳೆಯುವ ಕರೆಂಟನ್ನು ಆ ಸಣ್ಣ ತಂತಿ ತಡೆಯಲ್ಲ.

ತಮ್ಮನ ಮುಚ್ಚಳ ತೆರೆದಾಗ ಚಿಕ್ಕಮ್ಮ ಅಲ್ಲಿಂದಲೇ ಕೈ ಮುಗಿದರು.

ಹತ್ತು ನಂಬರ್ ಸ್ಪ್ಯಾನರ್ ಮತ್ತು ನಿಮ್ಮ ಸೊಂಟ

ಮುಚ್ಚಳ ತೆರೆದ ಮೇಲಿನ ಕೆಲಸ ನಿಜಕ್ಕೂ ಸುಲಭ. ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಹತ್ತು ನಂಬರ್ ಸ್ಪ್ಯಾನರಿನಿಂದ ಮೊದಲು ಮೈನಸ್ ಬಿಚ್ಚಬೇಕು, ಆಮೇಲೆ ಪ್ಲಸ್. ಯಾಕೆಂದರೆ ಕಾರಿನ ಇಡೀ ಬಾಡಿ ಮೈನಸ್‌ಗೆ ಸೇರಿದೆ. ಮೈನಸ್ ಇನ್ನೂ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುತ್ತದೆ, ಕಿಡಿ ಮತ್ತು ಹೈಡ್ರೋಜನ್ ಸೇರಿದರೆ ಏನಾಗುತ್ತೆ ಅಂತ ಎಸ್ಸೆಸ್ಸೆಲ್ಸಿ ಲ್ಯಾಬಿನಲ್ಲಿ ನೋಡಿದ್ದೀರಿ. ಆ ಗ್ಯಾಸನ್ನು ಹೊರಗೆ ಕಳಿಸಲೆಂದೇ ಬ್ಯಾಟರಿಯ ಪಕ್ಕಕ್ಕೆ ಒಂದು ಸಣ್ಣ ಪೈಪ್ ಚುಚ್ಚಿರುತ್ತಾರೆ. ಅದನ್ನು ಬಿಡಿಸಿ ಜೋಪಾನವಾಗಿಡಿ. ಹೊಸ ಬ್ಯಾಟರಿಗೆ ಮತ್ತೆ ಚುಚ್ಚೋದನ್ನು ಮರೆಯುವವರೇ ಹೆಚ್ಚು. ಬುಡದಲ್ಲಿ ಬ್ಯಾಟರಿ ಹಿಡಿದಿರುವ ಬೋಲ್ಟ್ ಹದಿಮೂರು ನಂಬರ್.

ಎತ್ತೋದು ಕಷ್ಟ. ಬಂಪರ್ ಮೇಲೆ ಬಾಗಿ, ಕೈ ಚಾಚಿ, ಗಾಜಿನ ಬುಡದಿಂದ ಇಪ್ಪತ್ತು ಕೆ.ಜಿ. ಮೇಲಕ್ಕೆ ಎಳೆಯಬೇಕು. ಜಿಮ್‌ನಲ್ಲಿ ಇದಕ್ಕಿಂತ ಜಾಸ್ತಿ ಎತ್ತುತ್ತೇನೆ ಅನ್ನುವವರಿಗೂ ಸೊಂಟ ಹಿಡಿಯೋದು ಈ ಭಂಗಿಯಲ್ಲೇ. ಇಬ್ಬರಿದ್ದರೆ ಒಳ್ಳೇದು. ಇಟ್ಟ ಮೇಲೆ ಹಾಕುವಾಗ ಕ್ರಮ ತಿರುಗುಮುರುಗು: ಮೊದಲು ಪ್ಲಸ್, ಕೊನೆಗೆ ಮೈನಸ್.

ಹೊಸದು ಕೊಳ್ಳುವಾಗ ಹಳೆಯದರ ಲೇಬಲ್ಲಿನ ಫೋಟೊ ತೆಗೆದುಕೊಂಡು ಹೋಗಿ. ಉದ್ದ, ಎತ್ತರ, ಪ್ಲಸ್ ಯಾವ ಕಡೆ, ಗ್ಯಾಸ್ ಪೈಪಿಗೆ ತೂತು ಇದೆಯೋ ಇಲ್ಲವೋ ಎಲ್ಲ ಹೊಂದಬೇಕು. ಇದೆಲ್ಲದರ ನಡುವೆ ಒಂದು ಎಚ್ಚರ: ಬ್ಯಾಟರಿ ಹೊರಗಿರುವಾಗ ಯಾರೂ ಆ ಮುಚ್ಚಳ ಮುಚ್ಚಬಾರದು. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ತೆರೆದದ್ದನ್ನೆಲ್ಲ ಮುಚ್ಚುವ ಅಭ್ಯಾಸದ ದೊಡ್ಡವರಿದ್ದರೆ, ಅಂಚಿಗೆ ದಪ್ಪ ಟವೆಲ್ ಮಡಚಿಡಿ.

ಹೊಸ ಬ್ಯಾಟರಿ ಹಾಕಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯಬಹುದು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಸ್ವಲ್ಪ ದೂರ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಕಿಟಕಿಗಳನ್ನು ಪೂರ್ತಿ ಏರಿಸಿ ಸ್ವಿಚ್ ಹಿಡಿದುಕೊಂಡರೆ ಅವಕ್ಕೆ ತಮ್ಮ ಎತ್ತರ ಮತ್ತೆ ನೆನಪಾಗುತ್ತದೆ. ಹಳೇ ರೇಡಿಯೊ ಕೋಡ್ ಕೇಳಿದರೆ ಹುಡುಕಾಟ ಶುರು.

ಬೀಗ ಒಳಗಿನಿಂದ ಬಿದ್ದರೆ

ಇಲ್ಲಿವರೆಗೆ ಹೇಳಿದ್ದು ಕಾರಿನ ಹೊರಗೆ ನಿಂತವರ ಕಷ್ಟ. ಒಳಗಿದ್ದವರದು ಬೇರೆ. 2005ರಲ್ಲಿ ಬಂದ ಆರನೇ ತಲೆಮಾರಿನ ಕಾರ್ವೆಟ್‌ನಲ್ಲಿ ಬಾಗಿಲಿಗೆ ಹಿಡಿ ಇಲ್ಲ, ಬಟನ್ ಇದೆ. ಕರೆಂಟ್ ಹೋದರೆ ಬಟನ್ ಬರೀ ಬಟನ್. 2015ರ ಜೂನ್‌ನಲ್ಲಿ ಟೆಕ್ಸಾಸ್‌ನಲ್ಲಿ ವಯಸ್ಸಾದವರೊಬ್ಬರು ತಮ್ಮ ನಾಯಿಯೊಂದಿಗೆ 2007ರ ಕಾರ್ವೆಟ್‌ನಲ್ಲಿ ಕೂತಿದ್ದಾಗ ಬ್ಯಾಟರಿಯ ಕೇಬಲ್ ಸಡಿಲವಾಗಿ ಕರೆಂಟ್ ಹೋಯಿತು. ಬಿಸಿಲಿಗೆ ಒಳಗೇ ಸಿಕ್ಕಿ ಇಬ್ಬರೂ ಸತ್ತರು. ಸೀಟಿನ ಪಕ್ಕ ನೆಲದ ಮೇಲೆ, ಕೈಯಿಂದ ಎಳೆದು ಬಾಗಿಲು ತೆರೆಯುವ ಹಿಡಿಯೊಂದು ಆ ಕಾರಿನಲ್ಲಿ ಇತ್ತು.

ಈಗ ಎಲೆಕ್ಟ್ರಿಕ್ ಕಾರುಗಳಲ್ಲೂ ಬಟನ್ ಬಾಗಿಲುಗಳು ಬರುತ್ತಿವೆ. ನಿಮ್ಮದೋ, ಆಫೀಸ್ ಕ್ಯಾಬೋ, ಸ್ನೇಹಿತರದ್ದೋ, ಅಂಥ ಕಾರು ಹತ್ತಿದಾಗ ಕೈಯಲ್ಲಿ ಎಳೆಯುವ ಹಿಡಿ ಎಲ್ಲಿದೆ ಅಂತ ಕೇಳಿ. ಹಿಂದಿನ ಸೀಟಿಗೆ ಬೇರೆ ಇದೆಯಾ ಅಂತಲೂ ಕೇಳಿ, ಮುಖ್ಯವಾಗಿ ಅಪ್ಪ ಅಮ್ಮ ಅಲ್ಲಿ ಕೂರುವವರಾದರೆ.

ಸಾಯದ ಹಾಗೆ ನೋಡಿಕೊಳ್ಳೋದು

ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ರ ಹತ್ತಿರ ಬಂದರೆ ಹೆಚ್ಚುಕಡಿಮೆ ಖಾಲಿ. ನಿಂತ ಕಾರಿನಲ್ಲೂ ಅಲಾರಂ, ರಿಮೋಟ್ ರಿಸೀವರ್ ಎಚ್ಚರವಾಗೇ ಇದ್ದು ತೊಟ್ಟು ತೊಟ್ಟಾಗಿ ಕುಡಿಯುತ್ತಿರುತ್ತವೆ. ಖಾಲಿ ಬಿಟ್ಟಷ್ಟೂ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹಿಡಿಯೋದೇ ಇಲ್ಲ. ಚಳಿ ದೇಶದಲ್ಲಿ ಖಾಲಿ ಬ್ಯಾಟರಿ ಹೆಪ್ಪುಗಟ್ಟುವುದೂ ಉಂಟು. ಹೆಪ್ಪುಗಟ್ಟಿದ್ದನ್ನು ಚಾರ್ಜಿಗೆ ಹಾಕಲೇಬಾರದು.

ಉಪಾಯ ಇದೆ: ಬ್ಯಾಟರಿ ಮೇಂಟೇನರ್. ಗೋಡೆಯ ಪ್ಲಗ್ಗಿಗೆ ಹಾಕಿಟ್ಟರೆ ಬೇಕಾದಷ್ಟೇ ಚಾರ್ಜ್ ಕೊಟ್ಟು ಸುಮ್ಮನಾಗುತ್ತದೆ. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವಂಥದ್ದನ್ನು ಪೋರ್ಷೆಯವರೇ ಮಾರುತ್ತಾರೆ, ಮುಚ್ಚಳ ತೆರೆಯುವ ಗೋಜೇ ಇಲ್ಲ. ನಿಮ್ಮ ಮಾಡೆಲ್‌ಗೆ ಹೊಂದುತ್ತದೆಯೇ ಅಂತ ಮಾತ್ರ ಮೊದಲು ಕೇಳಿಕೊಳ್ಳಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಹಾಕಿಸಲು ಅಸೋಸಿಯೇಷನ್ ಒಪ್ಪಿಸೋದು ಬ್ಯಾಟರಿ ಬದಲಿಸೋದಕ್ಕಿಂತ ಕಷ್ಟ. ಅಲ್ಲಿವರೆಗೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸ್ಟಾರ್ಟಿಗೆ ಖರ್ಚಾದದ್ದೂ ವಾಪಸ್ ತುಂಬುವುದು ಅನುಮಾನ.

ತೆಗೆದ ಹಳೇ ಬ್ಯಾಟರಿಯನ್ನು ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಬೇಡಿ, ಒಳಗೆ ಆಮ್ಲ ಇದೆ. ಸೀಸಕ್ಕೆ ಬೆಲೆ ಇದೆ, ಹಾಗಾಗಿ ನಮ್ಮ ಬ್ಯಾಟರಿ ಅಂಗಡಿಗಳಲ್ಲಿ ಹಳೆಯದನ್ನು ಕೊಟ್ಟರೆ ಹೊಸದರ ರೇಟಿನಲ್ಲಿ ಕಡಿಮೆ ಮಾಡುತ್ತಾರೆ. ಅಮೆರಿಕದಲ್ಲಿ ಮೊದಲೇ ಡಿಪಾಸಿಟ್ ಹಿಡಿದುಕೊಂಡು, ಹಳೆಯದು ತಂದುಕೊಟ್ಟ ಮೇಲೆ ವಾಪಸ್ ಕೊಡುತ್ತಾರೆ. ತಮ್ಮ ಅದನ್ನು ತಲುಪಿಸಿದ್ದು ಬಸ್ಸಿನಲ್ಲಿ.